ಕಟ್ಟೆಯಿಲ್ಲದ ಹಂಪನಕಟ್ಟೆ

ಹಂಪನಕಟ್ಟೆ ದಾಟುವಾಗ ನನಗೆ ನಿಲ್ಲುವ ಅಭ್ಯಾಸವಿದೆ. ರಸ್ತೆ ದಾಟುವ ಮೊದಲು ನಿಲ್ಲುವುದಲ್ಲ. ಅದನ್ನು ಎಲ್ಲರೂ ಮಾಡುತ್ತಾರೆ, ಅಥವಾ ಮಾಡಬೇಕು. ನಾನು ದಾಟಿದ ಮೇಲೆ ನಿಲ್ಲುತ್ತೇನೆ. ಮಲ್ಲಿಗೆ ಮಾರುವವರ ಸಾಲು ಮುಗಿಯುವಲ್ಲಿ, ಸೋಡಾ ಅಂಗಡಿಯ ನೆರಳು ಬೀಳುವ ಜಾಗದಲ್ಲಿ, ಕೈಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು ಏನೋ ಮರೆತವಳ ಹಾಗೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಮುಂದೆ ಹೋಗುತ್ತೇನೆ. "ಬಾಯಿ, ಕಂಕನಾಡಿಗಾ?" ಎಂದು ಕೇಳಿ ಕೇಳಿ ಸಾಕಾಗಿ ಟ್ಯಾಕ್ಸಿಯವರು ಈಗ ಕೇಳುವುದನ್ನು ಬಿಟ್ಟಿದ್ದಾರೆ. ನನ್ನ ತಮ್ಮ ವಿಕ್ಟರ್ ಮಾತ್ರ ಬಿಟ್ಟಿಲ್ಲ.

"ಅಲ್ಲಿ ನಿನಗೆ ಎಂತ ಉಂಟು ಮಾರಾಯ್ತಿ? ಗಡಿಯಾರದ ಗೋಪುರದ ಹತ್ತಿರ ಒಂದು ಪ್ರತಿಮೆ ಆಗಬೇಕು ಅಂತ ಜನ ಹೇಳ್ತಿದ್ರು. ನೀನಿರುವಾಗ ಪುರಸಭೆಗೆ ಆ ಖರ್ಚು ಉಳಿಯಿತು."

ಉತ್ತರ ಹೇಳಬಹುದಿತ್ತು. ಒಬ್ಬಳು ಅಲ್ಲಿ ನನಗೆ ‘ಹೋಗಿ ಬರುತ್ತೇನೆ’ ಎಂದು ಹೇಳುವುದಿತ್ತು, ಹೇಳಲಾಗದೆ ಹೋದಳು, ಆ ಮಾತು ಇನ್ನೂ ಅಲ್ಲೇ ಎಲ್ಲಾದರೂ ಇದ್ದೀತೇ ಎಂದು ನೋಡುತ್ತೇನೆ, ಎಂದು. ಇಂಥದ್ದನ್ನು ತಮ್ಮಂದಿರ ಹತ್ತಿರ ಹೇಳಬಾರದು. ಬರೆಯಬಹುದು. ವಿಕ್ಟರ್ ಕನ್ನಡದಲ್ಲಿ ಸಿನಿಮಾ ಜಾಹೀರಾತು ಬಿಟ್ಟು ಬೇರೇನನ್ನೂ ಓದುವುದಿಲ್ಲ.

ಮಂಗಳೂರಿಗೆ ಹೊಸಬರು ಬಂದರೆ ಹಂಪನಕಟ್ಟೆಯಲ್ಲಿ ಮೊದಲು ಹುಡುಕುವುದು ಕಟ್ಟೆಯನ್ನು. ಅಲ್ಲಿ ಕಟ್ಟೆಯಿಲ್ಲ. ಮೈದಾನದ ಕಡೆಯಿಂದ, ರೈಲ್ವೆ ಸ್ಟೇಷನ್ನಿನ ಕಡೆಯಿಂದ, ಬಾವುಟಗುಡ್ಡೆಯಿಂದ, ಕಂಕನಾಡಿಯಿಂದ ಬರುವ ರಸ್ತೆಗಳು ಒಂದನ್ನೊಂದು ನೋಡಿ ತಬ್ಬಿಬ್ಬಾಗಿ ನಿಂತುಬಿಟ್ಟ ಜಾಗ ಅದು. ಚೌಕವೆಂದು ಕರೆಯುತ್ತಾರಾದರೂ ರೇಖಾಗಣಿತ ಕಲಿತ ಯಾರೂ ಅದನ್ನು ಚೌಕವೆಂದು ಒಪ್ಪಲಾರರು. ಹಿಂದೆ ಅಲ್ಲಿ ಒಂದು ದೊಡ್ಡ ಮರವಿತ್ತಂತೆ. ಮರದ ಸುತ್ತ ಕಟ್ಟೆ, ಪಕ್ಕದಲ್ಲಿ ಬಾವಿ. ಘಟ್ಟದ ಕೆಳಗಿನ ಊರುಗಳಿಂದ ಅಕ್ಕಿ ಮೂಟೆ ಹೇರಿಕೊಂಡು ಬರುವ ಗಾಡಿಯವರು ಎತ್ತು ಬಿಚ್ಚಿ ಅಲ್ಲಿ ಮಲಗುತ್ತಿದ್ದರಂತೆ. ಯಾರೋ ಒಬ್ಬ ಪುಣ್ಯವಂತ ಅವರಿಗೆಲ್ಲ ನೀರು ಕೊಡುತ್ತಿದ್ದ. ಅವನ ಹೆಸರೇ ಊರಿನವರ ಬಾಯಲ್ಲಿ ಸವೆದು ‘ಹಂಪನ’ ಆಯಿತು ಎನ್ನುತ್ತಾರೆ. ತುಳುವರು ಒಂದು ಕಡೆಯಿಂದ ಸವೆಸಿರಬೇಕು, ಕೊಂಕಣಿಯವರಾದ ನಾವು ಇನ್ನೊಂದು ಕಡೆಯಿಂದ, ಬ್ಯಾರಿಗಳು ಮತ್ತೊಂದು ಕಡೆಯಿಂದ. ಕೊನೆಗೆ ಉಳಿದದ್ದನ್ನು ಕನ್ನಡದಲ್ಲಿ ಬರೆದು ಬೋರ್ಡು ಹಾಕಿದರು. ಬಾವಿಯನ್ನು ಮುಚ್ಚಿ ಅದರ ಮೇಲೆ ರಸ್ತೆ ಹೋಯಿತು. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುವಾಗ ಹಿರಿಯರು, "ಬಾವಿ ಎಲ್ಲಿಗೆ ಹೋಗ್ತದೆ? ಅದು ಅಲ್ಲೇ ಉಂಟು" ಎನ್ನುತ್ತಿದ್ದರು.

ಸಣ್ಣವಳಿದ್ದಾಗ ನನಗೆ ಈ ಕಟ್ಟೆಯದ್ದೇ ಚಿಂತೆ. ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಟ ಮೇಲೆ ಪಪ್ಪ ನನ್ನ ಕೈಹಿಡಿದು ಪೇಟೆಗೆ ಹೋಗುತ್ತಿದ್ದರು. ಅವರು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು, ಮಾತು ಕಡಿಮೆ. ಮೀನಿನ ಮಾರ್ಕೆಟ್ಟಿಗೆ ಹೋಗುವಾಗ ನನ್ನ ಬಿಳಿ ಫ್ರಾಕು ಹಾಳಾಗಬಾರದೆಂದು ನನ್ನನ್ನು ಸೋಡಾ ಅಂಗಡಿಯ ಎದುರು ನಿಲ್ಲಿಸಿ, "ಇಲ್ಲೇ ನಿಲ್ಲು, ಅಲುಗಾಡಬೇಡ" ಎನ್ನುತ್ತಿದ್ದರು. ಬೇರೆ ಮಕ್ಕಳಾದರೆ ಪಪ್ಪನ ಬೆನ್ನು ಮರೆಯಾದೊಡನೆ ಅಲುಗಾಡುತ್ತಿದ್ದರು. ನಾನು ನಿಜವಾಗಿಯೂ ಅಲುಗಾಡುತ್ತಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅದು ತಾನಾಗಿ ಹೋಗಲಿ ಎಂದು ಕಾಯುತ್ತಿದ್ದೆ. ಸೋಡಾ ಅಂಗಡಿಯವನು ಗೋಲಿ ಸೋಡಾ ಒಡೆಯುವ ‘ಟಪ್’ ಶಬ್ದ, ಬಾಳೆಎಲೆಯಲ್ಲಿ ಕಟ್ಟಿಟ್ಟ ಮಲ್ಲಿಗೆ ಚೆಂಡಿನ ವಾಸನೆ, ಅದರ ಮೇಲೆ ಹಾದುಹೋಗುವ ಮೀನಿನ ಬುಟ್ಟಿಯ ವಾಸನೆ, ಆಮೇಲೆ ಬಸ್ಸಿನ ಹೊಗೆ. ಈ ಮೂರು ವಾಸನೆಗಳೂ ಒಟ್ಟಿಗೆ ಬಂದರೆ ಇವತ್ತಿಗೂ ನನಗೆ ಇಗರ್ಜಿಯ ಬಟ್ಟೆ ಹಾಕಿಕೊಂಡ ಹಾಗೆ ಅನಿಸುತ್ತದೆ.

ಆಗ ಅಲ್ಲಿ ಗಡಿಯಾರವಿರಲಿಲ್ಲ. ನಮ್ಮಂಥವರಿಗೆ ಇಗರ್ಜಿಯ ಗಂಟೆಯೇ ಗಡಿಯಾರ. ಸಂಜೆ ‘ಆಮೋರಿ’ ಹೊಡೆಯುವಾಗ, ಎಂದರೆ ಸಂಜೆಯ ಪ್ರಾರ್ಥನೆಯ ಗಂಟೆಯಾಗುವಾಗ, ರಸ್ತೆಯಲ್ಲಿದ್ದ ನಮ್ಮ ಗಂಡಸರು ಟೊಪ್ಪಿ ತೆಗೆದು ನಿಲ್ಲುತ್ತಿದ್ದರು. ಹೆಂಗಸರು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಹೆಣ್ಣುಮಕ್ಕಳು ಆಮೋರಿಗೆ ಮೊದಲು ಮನೆಯೊಳಗೆ ಇರಬೇಕು. ಮಮ್ಮಿಯ ಮಟ್ಟಿಗೆ ಇದು ಹತ್ತು ಕಟ್ಟಳೆಗಳ ಜೊತೆಗೆ ಸೇರಿಸಲು ದೇವರು ಮರೆತಿದ್ದ ಹನ್ನೊಂದನೆಯದು. ನಾನು ಕಾಲೇಜಿಗೆ ಸೇರಿದ ಮೇಲೂ ಅದು ಬದಲಾಗಲಿಲ್ಲ. ಹಾಗಾಗಿ ಕಾಲೇಜು ಬಿಟ್ಟ ಮೇಲಿನಿಂದ ಆಮೋರಿಯ ತನಕದ ಹೊತ್ತು ಮಾತ್ರ ನನ್ನ ಸ್ವಂತದ್ದು. ಆ ಹೊತ್ತನ್ನು ನಾನು ಹಂಪನಕಟ್ಟೆಯಲ್ಲಿ ಸರೋಜಿನಿಯ ಜೊತೆ ಕಳೆದೆ.

ಸರೋಜಿನಿ ಉಳ್ಳಾಲದವಳು. ಅಣ್ಣಂದಿರದ್ದು ಸಮುದ್ರದ ಕೆಲಸ. ಆ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ಅವಳೇ ಮೊದಲು. ನೇತ್ರಾವತಿಗೆ ಆಗ ರಸ್ತೆಯ ಸಂಕ, ಎಂದರೆ ಸೇತುವೆ, ಇರಲಿಲ್ಲ. ಬೆಳಿಗ್ಗೆ ಕಡವಿನಲ್ಲಿ ದೋಣಿ ದಾಟಿ, ಅಲ್ಲಿಂದ ನಡೆದು ಬರುತ್ತಿದ್ದಳು. ಸೀರೆಯ ಅಂಚು ಯಾವಾಗಲೂ ಸ್ವಲ್ಪ ಒದ್ದೆ. ಮೊದಲ ದಿನ ತರಗತಿಯಲ್ಲಿ ನನ್ನ ಪಕ್ಕ ಕೂತು, ನಾನು ಒಂದು ಗಂಟೆ ಕಾಲ ಏನೂ ಮಾತಾಡದ್ದನ್ನು ನೋಡಿ, "ನಿನಗೆ ತುಳು ಬರುವುದಿಲ್ಲವಾ, ಅಥವಾ ಯಾವ ಭಾಷೆಯೂ ಬರುವುದಿಲ್ಲವಾ?" ಎಂದು ತುಳುವಿನಲ್ಲಿ ಕೇಳಿದಳು. ನಾನು "ಬರ್ತದೆ" ಎಂದೆ. "ಹಾಗಾದರೆ ಸಾಕು, ಉಳಿದದ್ದನ್ನು ನಾನು ಮಾತಾಡ್ತೇನೆ" ಎಂದಳು. ಎರಡು ವರ್ಷ ನಮ್ಮ ನಡುವೆ ಇದೇ ಏರ್ಪಾಡು. (ನಾವು ಮಾತಾಡುತ್ತಿದ್ದುದೆಲ್ಲ ತುಳು. ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುವಾಗ ಅವಳ ಮಾತಿನ ಉಪ್ಪು ಸ್ವಲ್ಪ ಕಡಿಮೆಯಾಗುತ್ತದೆ.)

ಸಂಜೆ ಒಂದು ಪೊಟ್ಟಣ ಗೋಳಿಬಜೆ ಹಂಚಿಕೊಂಡು ಸೋಡಾ ಅಂಗಡಿಯ ಪಕ್ಕ ನಿಲ್ಲುತ್ತಿದ್ದೆವು. ಕೂರಲು ಕಟ್ಟೆಯಿಲ್ಲದ್ದರಿಂದ ನಿಂತೇ ಇರಬೇಕಿತ್ತು. ನನಗೆ ಆಮೋರಿಯ ಅವಸರ, ಅವಳಿಗೆ ದೋಣಿಯ ಅವಸರ. ನದಿಯ ಮಧ್ಯೆ ಆಗ ಹೊಸ ಸಂಕದ ಕಂಬಗಳು ಏಳುತ್ತಿದ್ದವು. ದಿನವೂ ಕಂಬಗಳ ವರ್ತಮಾನ ತರುತ್ತಿದ್ದಳು.

"ಸಂಕ ಆಗಲಿ ಸೆಲಿನ್. ಇಲ್ಲಿಂದಲೇ ಬಸ್ಸು ಹತ್ತುವುದು, ಮನೆ ಹತ್ತಿರ ತೊಕ್ಕೊಟ್ಟಿನಲ್ಲಿ ಇಳಿಯುವುದು. ನಿನ್ನ ಗಂಟೆ ಹೊಡೆಯುವ ತನಕ ಇಲ್ಲೇ ಇರಬಹುದು."

"ಆಗ ನಮ್ಮ ಬಿ.ಎ. ಮುಗಿದಿರ್ತದೆ."

"ಮುಗಿಯಲಿ. ಬಿ.ಎ. ಆದವರು ಗೋಳಿಬಜೆ ತಿನ್ನಬಾರದು ಅಂತ ಉಂಟಾ?"

ಹಂಪನಕಟ್ಟೆಯ ನಡುವೆ, ಮರ ಇದ್ದ ಜಾಗದಲ್ಲಿ ಎನ್ನಬಹುದಾದಲ್ಲಿ, ಒಂದು ಕೊಡೆಯ ಕೆಳಗೆ ಪೊಲೀಸಿನವರು ನಿಂತಿರುತ್ತಿದ್ದರು. ನಂಜೇಗೌಡರು ಎಂದು ಹೆಸರು. ರಾಜ್ಯ ಒಂದಾದ ಮೇಲೆ ಮೈಸೂರು ಸೀಮೆಯಿಂದ ವರ್ಗವಾಗಿ ಬಂದವರು. ಕನ್ನಡ ನಾಡಿಗೇ ಬಂದೆನೆಂದು ತಿಳಿದು ಬಂದು, ಇಲ್ಲಿ ಯಾರು ಏನು ಮಾತಾಡಿದರೂ ಅರ್ಥವಾಗದೆ, ಎಲ್ಲರಿಗೂ ಒಂದೇ ರೀತಿ ಕೈ ತೋರಿಸುತ್ತಿದ್ದರು. ಇಡೀ ಹಂಪನಕಟ್ಟೆಯಲ್ಲಿ ಅಲುಗಾಡದೆ ಒಂದೇ ಕಡೆ ಸಿಗುವ ಮನುಷ್ಯ ಅವರೊಬ್ಬರೇ ಆದ್ದರಿಂದ ಜನ ಅವರ ಹತ್ತಿರ ಸುದ್ದಿ ಬಿಟ್ಟುಹೋಗುತ್ತಿದ್ದರು: ಇಂಥವರು ಬಂದರೆ ನಾನು ಆಸ್ಪತ್ರೆಗೆ ಹೋದೆ ಅಂತ ಹೇಳಿ, ಇಂಥ ಬಸ್ಸು ಹೋಯಿತು ಅಂತ ಹೇಳಿ. ಹಳೆಯ ಕಟ್ಟೆ ಮಾಡುತ್ತಿದ್ದ ಕೆಲಸವನ್ನು ಹೀಗೆ ಅವರು ಮಾಡುತ್ತಿದ್ದರು.

ಒಮ್ಮೆ ನನ್ನನ್ನು ನಿಲ್ಲಿಸಿ ಕೇಳಿದರು. "ಒಂದು ಮಾತು ಮೇಡಂ, ತಪ್ಪು ತಿಳೀಬೇಡಿ. ಆ ಟ್ಯಾಕ್ಸಿಯೋರು ನಿಮ್ಮನ್ನ ಬಾಯಿ ಬಾಯಿ ಅಂತಾರಲ್ಲ, ನೀವು ಜಗಳ ಗಿಗಳ ಆಡಿದ್ದೀರಾ?"

ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿ ಮರ್ಯಾದೆಯಿಂದ ಹಾಗೆ ಕರೆಯುತ್ತಾರೆ ಎಂದು ಸರೋಜಿನಿ ನನ್ನ ಪರವಾಗಿ ವಿವರಿಸಿದಳು.

"ಹಂಗಾ," ಎಂದು ಗೌಡರು ಸಮಾಧಾನಪಟ್ಟರು. "ನಾನೂ ಅದೇ ಅಂದ್ಕೊಂಡೆ. ಇವರಿಗೆ ಬಾಯೇ ಇಲ್ವಲ್ಲ, ಯಾಕಪ್ಪ ಹಂಗಂತಾರೆ ಅಂತ."

ಸರೋಜಿನಿ ದೋಣಿ ತಪ್ಪುವಷ್ಟು ಹೊತ್ತು ನಕ್ಕಳು.

ಬಿ.ಎ. ಕೊನೆಯ ವರ್ಷ ಶುರುವಾಗಿ ಸ್ವಲ್ಪ ದಿನಕ್ಕೆ ಬೊಂಬಾಯಿಯಿಂದ ಅವಳ ಸೋದರಮಾವ ಬಂದರು. ಅವರ ಕಡೆ ಮನೆಯ ವಿಷಯದಲ್ಲಿ ಮಾವನ ಮಾತೇ ಕೊನೆ. ಹುಡುಗ ಬೊಂಬಾಯಿಯ ಗೋದಿಯಲ್ಲಿ, ಎಂದರೆ ಹಡಗುಕಟ್ಟೆಯಲ್ಲಿ, ಕೆಲಸದವನು, ರಜೆಯಿಲ್ಲ, ಮದುವೆ ಅಲ್ಲೇ. ಕಾಲೇಜು ನಿಂತಿತು. ಕೊನೆಯ ದಿನ ತರಗತಿಗೆ ಬಂದವಳು ಪುಸ್ತಕಗಳನ್ನು ನನ್ನ ಮೇಜಿನ ಮೇಲಿಟ್ಟು, "ನೀನು ಎರಡು ಬಿ.ಎ. ಮಾಡು, ಒಂದು ನನ್ನ ಲೆಕ್ಕದಲ್ಲಿ" ಎಂದಳು. ಹೊರಡುವ ದಿನ ಇನ್ನೂ ಗೊತ್ತಾಗಿರಲಿಲ್ಲ. "ಕಡೂರಿನ ಬಸ್ಸು ಹಂಪನಕಟ್ಟೆಯಿಂದಲೇ ಅಲ್ಲವಾ ಹೊರಡುವುದು? ಹೇಳದೆ ಹೋಗುವುದಿಲ್ಲ. ಹೇಳಿಯೇ ಹೋಗ್ತೇನೆ" ಎಂದಳು. ಬೊಂಬಾಯಿಗೆ ಹೋಗುವವರು ಆಗ ಕಡೂರಿನ ತನಕ ಬಸ್ಸಿನಲ್ಲಿ ಹೋಗಿ ರೈಲು ಹಿಡಿಯುತ್ತಿದ್ದರು.

ಆ ವಾರವೆಲ್ಲ ನಾನು ಸಂಜೆ ಸೋಡಾ ಅಂಗಡಿಯ ಹತ್ತಿರ ನಿಂತೆ. ಒಂದೇ ಒಂದು ದಿನ ತರಗತಿ ಹೊತ್ತಿಗೆ ಸರಿಯಾಗಿ ಬಿಡಲಿಲ್ಲ. ನಾನು ಓಡುವ ಹಾಗೆ ನಡೆದು ಬಂದಾಗ ಗೌಡರು ಕೊಡೆಯ ಕೆಳಗಿನಿಂದಲೇ ಕೈಮಾಡಿ ಕರೆದರು.

"ನಿಮ್ಮ ಗೆಳತಿ ಬಂದಿದ್ರು ಮೇಡಂ. ಪೇಟೆಯಲ್ಲಿ ಕೊಂಡ ಸೀರೆ ಪೊಟ್ಟಣ, ಹೊಸ ಟ್ರಂಕು ಎಲ್ಲ ಇತ್ತು. ಜೊತೆಗಿದ್ದೋರು ದೋಣಿಗೆ ಹೊತ್ತಾಯ್ತು ಅಂತ ಎಳಕೊಂಡು ಹೋದ್ರು. ‘ಸೆಲಿನ್ ಬಂದ್ರೆ ಹೇಳಿ, ಎಲ್ಲಿ ಅಂತ’ ಅಂದ್ರು."

"ಎಲ್ಲಿ ಅಂತಲಾ?"

"ಅಷ್ಟೇ. ಎಲ್ಲಿ ಅಂತ."

ನನ್ನನ್ನು ಕಾಣದೆ ‘ಎಲ್ಲಿ’ ಎಂದು ಕೇಳಿ ಹೋಗಿದ್ದಾಳೆ ಎಂದುಕೊಂಡೆ. ಎಲ್ಲಿ ಎಂದು ಕೇಳಿದವಳಿಗೆ ‘ಇಲ್ಲಿ’ ಎಂದು ಹೇಳಬೇಡವೇ? ಮರುದಿನ ಬೆಳಿಗ್ಗೆ, ಹುಟ್ಟಿದ ಮೇಲೆ ಮೊದಲ ಸಲ, ಮನೆಯಲ್ಲಿ ಹೇಳದೆ ಕಾಲೇಜು ಬಿಟ್ಟು ಕಡವಿಗೆ ಹೋಗಿ ಉಳ್ಳಾಲದ ದೋಣಿ ಹತ್ತಿದೆ. ದೋಣಿಯಲ್ಲಿ ನಾನು ಕೂತ ರೀತಿ ನೋಡಿ ಒಬ್ಬ ಮುದುಕಿ, "ಮಗಾ, ಹಲಗೆಯನ್ನು ಅಷ್ಟು ಗಟ್ಟಿ ಹಿಡಿಯಬೇಡ, ಅದು ಎಲ್ಲಿಗೂ ಹೋಗುವುದಿಲ್ಲ" ಎಂದಳು. ನದಿಯ ನಡುವೆ ಎದುರಿನಿಂದ ಇನ್ನೊಂದು ದೋಣಿ ಬಂತು. ಅದರಲ್ಲಿ ಟ್ರಂಕುಗಳು, ಬಿಸಿಲಿಗೆ ಅಡ್ಡ ಹಿಡಿದ ಒಂದು ದೊಡ್ಡ ಕಪ್ಪು ಕೊಡೆ. ನಾನು ಹಲಗೆ ಹಿಡಿದುಕೊಳ್ಳುವುದರಲ್ಲಿದ್ದೆ. ಕೊಡೆಯ ಕೆಳಗೆ ಯಾರೆಂದು ನೋಡಲಿಲ್ಲ.

ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಬಲೆ ಹರಡಿತ್ತು. ಅವಳ ಅಮ್ಮ ನನ್ನನ್ನು ನೋಡಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು.

"ಅಯ್ಯೋ ಮಗಾ, ಇದೆಂತ ಆದದ್ದು? ಅವರು ಈಗಷ್ಟೇ ಹೋದದ್ದು. ಮಧ್ಯಾಹ್ನದ ಬಸ್ಸು. ನಿನ್ನನ್ನು ಹಂಪನಕಟ್ಟೆಯಲ್ಲಿ ನೋಡ್ತೇನೆ ಅಂತ ಹೇಳಿ ಅವಳು ಬೇಗ ಹೊರಟದ್ದು. ನಿನ್ನೆ ಪೊಲೀಸಿನವರ ಹತ್ತಿರ ಹೇಳಿ ಬಂದಿದ್ದಾಳಲ್ಲ, ಎಲ್ಲೆ ಅಂತ!"

ಎಲ್ಲೆ. ತುಳುವಿನಲ್ಲಿ ‘ನಾಳೆ’.

ಕನ್ನಡ ಚೆನ್ನಾಗಿ ಬಲ್ಲವಳೇ ಸರೋಜಿನಿ. ಮಾವ ಎಳೆಯುತ್ತಿದ್ದಾಗ ಕನ್ನಡದ ವಾಕ್ಯದೊಳಗೆ ಮನೆಯ ಮಾತೊಂದು ನುಗ್ಗಿತ್ತು. ನಾವೆಲ್ಲರೂ ಮಾತಾಡುವುದು ಹಾಗೆಯೇ. ಒಂದು ವಾಕ್ಯ ಹೊರಟ ಭಾಷೆಯಲ್ಲೇ ಊರು ತಲುಪಬೇಕೆಂಬ ಕಾನೂನು ಮಂಗಳೂರಿನಲ್ಲಿಲ್ಲ. ನನಗೆ ಅವಳೇ ಹೇಳಿದ್ದರೆ ಅರ್ಧ ಕ್ಷಣದಲ್ಲಿ ಅರ್ಥವಾಗುತ್ತಿತ್ತು.

ಓಡಬೇಕೆಂದಿದ್ದೆ. ಅವಳ ಅಮ್ಮ ಬಿಡಲಿಲ್ಲ. ಮೊದಲ ಸಲ ಮನೆಗೆ ಬಂದವಳು ಬಾಯಿಗೆ ಏನೂ ಹಾಕದೆ ಮೆಟ್ಟಿಲು ಇಳಿಯುವುದುಂಟೇ? ಬೆಲ್ಲ ತಂದರು, ನೀರು ತಂದರು. ಬೆಲ್ಲದ ಉಂಡೆ ದೊಡ್ಡದಿತ್ತು. ನಾನು ಅದನ್ನು ಕಡಿದು ಮುಗಿಸುವ ತನಕ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. ಬೇಗ ಬೇಗ ಕಡಿದರೆ ಅವರಿಗೆ ನೋವಾಗಬಹುದೆಂದು ನಾನು ನಿಧಾನವಾಗಿಯೇ ಕಡಿದೆ. ನನ್ನನ್ನು ಬೆಳೆಸಿದವರು ನನ್ನನ್ನು ಇಷ್ಟು ಚೆನ್ನಾಗಿ ಬೆಳೆಸಬಾರದಿತ್ತು. ಕಡವಿಗೆ ಬಂದಾಗ ದೋಣಿ ಆಚೆ ದಡದಲ್ಲಿತ್ತು.

ಹಂಪನಕಟ್ಟೆ ತಲುಪಿದಾಗ ಬಿಸಿಲು ನೆತ್ತಿಯಿಂದ ಇಳಿದಿತ್ತು. ಕಡೂರಿನ ಬಸ್ಸು ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಗೌಡರು ಕೊಡೆ ಬಿಟ್ಟು ನನ್ನ ಹತ್ತಿರ ನಡೆದು ಬಂದರು. ಕೆಲಸದ ಹೊತ್ತಿನಲ್ಲಿ ಅವರು ಹಾಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಹಿಂದೆ ಎರಡು ಬಸ್ಸುಗಳು ಮುಖಾಮುಖಿ ನಿಂತು ಹಾರ್ನ್ ಹೊಡೆಯುತ್ತಿದ್ದವು.

"ಎಲ್ಲೆ ಅಂದ್ರೆ ನಾಳೆಯಂತಲ್ಲ ಮೇಡಂ?"

"ಹೌದು."

"ಸೋಡಾದವನು ಈಗ ಹೇಳ್ದ. ನಮ್ಮ ಕಡೆ ಎಲ್ಲೆ ಅಂದ್ರೆ ಹೊಲದ ಗಡಿ. ಅದಂತೂ ಆಗಿರಲ್ಲ, ಎಲ್ಲಿ ಅಂತ ಇರಬೇಕು ಅಂದ್ಕೊಂಡೆ." ಎಣ್ಣೆಯ ಕಲೆಯ ಕಡೆ ಕೈ ತೋರಿಸಿ, "ಆ ಮಗು ಇಲ್ಲೇ ನಿಂತಿತ್ತು. ಡ್ರೈವರ್ ಹಾರ್ನ್ ಹೊಡದ್ರೂ ಹತ್ತಲಿಲ್ಲ. ನಾನು ಬಸ್ಸಿಗೆ ಕೈ ಅಡ್ಡ ಹಿಡಿದೆ, ಆದಷ್ಟು ಹೊತ್ತು. ಕೊನೆಗೆ ಸಾಹೇಬರ ಜೀಪು ಬಂತು" ಎಂದರು.

ಅವರನ್ನು ಸಮಾಧಾನ ಮಾಡುವುದೇ ನನಗೆ ಕೆಲಸವಾಯಿತು. ಆಮೇಲೆ ಅವರು ಹಟ ಹಿಡಿದು ತುಳು ಕಲಿತರು; ಒಳ್ಳೆಯ ತುಳು ಬರುವ ಹೊತ್ತಿಗೆ ಸರಕಾರ ಅವರನ್ನು ಕೋಲಾರಕ್ಕೆ ವರ್ಗ ಮಾಡಿತು.

ನಾನು ಒಂದೇ ಬಿ.ಎ. ಮಾಡಿದೆ, ಆಮೇಲೆ ಮೈಸೂರಿಗೆ ಹೋಗಿ ಎಂ.ಎ. ಅಷ್ಟರಲ್ಲಿ ಸಂಕ ಆಯಿತು. ತೊಕ್ಕೊಟ್ಟಿನ ಬಸ್ಸುಗಳು ಹಂಪನಕಟ್ಟೆಯಿಂದ ಹೊರಡತೊಡಗಿದವು. ಪೊಲೀಸಿನ ಕೊಡೆ ಹೋಗಿ ಗಡಿಯಾರದ ಗೋಪುರ ಬಂತು. ಅದಕ್ಕೆ ನಾಲ್ಕು ಮುಖಗಳು, ನಾಲ್ಕಕ್ಕೂ ಬೇರೆ ಬೇರೆ ಅಭಿಪ್ರಾಯ. ಕಾಲೇಜಿಗೆ ಹೊರಟವರು ಮೈದಾನದ ಕಡೆಯ ಮುಖವನ್ನು ನಂಬುತ್ತಾರೆ, ಕಾಲೇಜು ಬಿಟ್ಟವರು ಸ್ಟೇಷನ್ನಿನ ಕಡೆಯದ್ದನ್ನು. ನಾನೀಗ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಮಮ್ಮಿ ಈಗ ಆಮೋರಿಯ ವಿಷಯ ಎತ್ತುವುದಿಲ್ಲ. ಬೇಕಾದಷ್ಟು ಹೊತ್ತು ಹಂಪನಕಟ್ಟೆಯಲ್ಲಿ ನಿಲ್ಲಬಹುದು.

ಹೋದ ಬೇಸಿಗೆ ರಜೆಯಲ್ಲಿ ಹಾಗೆ ನಿಂತಿದ್ದೆ. ಹಿಂದಿನಿಂದ ಯಾರೋ ತುಳುವಿನಲ್ಲಿ ಕೇಳಿದರು.

"ಈರ್ ಸೆಲಿನ್ ಟೀಚರ್ ಅತ್ತಾ?"

ನೀವು ಸೆಲಿನ್ ಟೀಚರ್ ಅಲ್ಲವೇ? ತಿರುಗಿದೆ. ನೈಲಾನ್ ಸೀರೆ, ಸ್ವಲ್ಪ ದಪ್ಪಗಾದ ಮುಖ, ಕೈಹಿಡಿದ ಒಂದು ಹೆಣ್ಣುಮಗು. ಸರೋಜಿನಿ. ನಾನು ಎಷ್ಟೋ ಸಲ ಈ ಭೇಟಿಯನ್ನು ಮನಸ್ಸಿನಲ್ಲಿ ಬರೆದಿದ್ದೆ. ಯಾವ ಪಾಠದಲ್ಲೂ ಆ ‘ಈರ್’ ಇರಲಿಲ್ಲ. ತುಳುವಿನಲ್ಲಿ ಗೆಳತಿಗೆ ‘ಈ’ ಎನ್ನುತ್ತಾರೆ, ‘ನೀನು’. ‘ಈರ್’ ಎನ್ನುವುದು ಹಿರಿಯರಿಗೆ, ಡಾಕ್ಟರಿಗೆ, ಮೇಷ್ಟರಿಗೆ.

"ನೀವು ಕಾಲೇಜಿನಲ್ಲಿ ಕಲಿಸುವುದು ಅಂತ ಅಮ್ಮ ಹೇಳಿದರು" ಎಂದಳು. "ಎಂ.ಎ. ಅಲ್ಲವಾ?"

"ಹೌದು. ನೀವು ಯಾವಾಗ ಬಂದದ್ದು?" ಎಂದೆ. ಅವಳು ‘ಈರ್’ ಎಂದ ಮೇಲೆ ನಾನು ‘ಈ’ ಎನ್ನುವುದು ಹೇಗೆ? ಗಂಡನುಳ್ಳವಳು, ಮಗುವಿನ ತಾಯಿ. ಮರ್ಯಾದೆ ಎನ್ನುವುದು ಒಬ್ಬರು ಶುರು ಮಾಡಿದರೆ ಇನ್ನೊಬ್ಬರು ನಿಲ್ಲಿಸಲಾಗದ ರೋಗ.

"ನಿಮಗೆ ಮದುವೆ?"

"ಇಲ್ಲ."

"ಒಳ್ಳೆಯದೇ ಆಯಿತು," ಎಂದವಳು, "ಹಾಗಲ್ಲ" ಎಂದು ತಿದ್ದಿಕೊಂಡು ಮಗುವಿನ ರಿಬ್ಬನ್ ಸರಿಮಾಡಿದಳು. ಆಮೇಲೆ ನೆಲ ನೋಡುತ್ತ, "ಆ ದಿವಸ ನೀವು ಬರಲಿಲ್ಲ" ಎಂದಳು.

"ನಾನು ನಿಮ್ಮ ಮನೆಯಲ್ಲಿದ್ದೆ."

"ಗೊತ್ತುಂಟು. ಬೆಲ್ಲ ಪೂರ್ತಿ ತಿಂದು ಹೋದಿರಂತೆ. ಅಮ್ಮ ಈಗಲೂ ಹೇಳ್ತಾರೆ, ಅಂಥ ಮರ್ಯಾದೆಯ ಹುಡುಗಿಯನ್ನು ನೋಡಿಲ್ಲ ಅಂತ."

ನಾವು ನಕ್ಕೆವು. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮೊದಲು ಹಾಗೆ ನಗುತ್ತಿರಲಿಲ್ಲ. ಗೋಳಿಬಜೆ ತಿನ್ನೋಣವೇ ಎಂದು ಕೇಳಬೇಕೆಂದಿದ್ದೆ. ಅದನ್ನು ‘ಈರ್’ ಹಾಕಿ ಕೇಳಲು ನನಗೆ ಬರಲಿಲ್ಲ. ಅಷ್ಟರಲ್ಲಿ ತೊಕ್ಕೊಟ್ಟಿನ ಬಸ್ಸು ಬಂತು.

"ಹೋಗಿ ಬರ್ತೇನೆ. ನಾಡಿದ್ದು ಬೊಂಬಾಯಿಗೆ ಹೊರಡುವುದು. ನೀವು ಒಮ್ಮೆ ಮನೆಗೆ ಬರಬೇಕು. ಆರೋಗ್ಯ ನೋಡಿಕೊಳ್ಳಿ" ಎಂದಳು. ಒಂದೂ ತಪ್ಪಿಲ್ಲದೆ, ಏನೂ ಬಿಡದೆ, ಸಾವಕಾಶವಾಗಿ ಹೇಳಿದಳು. ಅಷ್ಟು ವರ್ಷ ನಾನು ಕಾದಿದ್ದ ಮಾತು ಇದೇ. ಸಿಕ್ಕಿತು. ನನ್ನ ವಿದ್ಯಾರ್ಥಿನಿಯರ ತಾಯಂದಿರು ರಜೆಗೆ ಮೊದಲು ಬಂದು ಹೇಳಿ ಹೋಗುವ ಹಾಗೆಯೇ ಇತ್ತು.

"ಆಗಲಿ. ಹೋಗಿ ಬನ್ನಿ" ಎಂದೆ.

ಅವರು ಹತ್ತಿ ಕೂತರು. ಕಂಡಕ್ಟರ್ ಬಾಗಿಲು ಬಡಿದ. ಮಗು ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿ, ಬೊಂಬಾಯಿಯ ಹಿಂದಿಯಲ್ಲಿ, ಅದು ಯಾರು ಎಂದು ತಾಯಿಯನ್ನು ಕೇಳಿತು. ಸರೋಜಿನಿ ನನ್ನ ಕಡೆ ನೋಡುತ್ತಿರಲಿಲ್ಲ. ಚೀಲದಲ್ಲಿ ಟಿಕೆಟ್ಟಿನ ಚಿಲ್ಲರೆ ಹುಡುಕುತ್ತಿದ್ದಳು. ಮಗುವಿನ ತಲೆಯನ್ನು ಒಂದು ಕೈಯಿಂದ ಒಳಗೆಳೆದುಕೊಳ್ಳುತ್ತ, ಬಸ್ಸು ಹೊರಡುವ ಸದ್ದಿನಲ್ಲಿ, ತುಳುವಿನಲ್ಲಿ ಹೇಳಿದಳು:

"ಅವಾ? ಎನ್ನ ಸೆಲಿನ್."